ಹಂಡೆಯ ಮೇಲಿನ ಹೆಸರು

ನಮ್ಮ ಬಾಲ್ಕನಿಯಲ್ಲಿ ಒಂದು ತಾಮ್ರದ ಹಂಡೆ ಇದೆ. ಸದ್ಯಕ್ಕೆ ಅದರೊಳಗೆ ಮೂರು ಛತ್ರಿ, ಮಗನ ಹಳೆಯ ಕ್ರಿಕೆಟ್ ಬ್ಯಾಟು. ಹಂಡೆಯ ಬಗ್ಗೆ ಬರೆಯಲು ಕೂತಿದ್ದೇನೆ ಅಂದರೆ ಹೆಂಡತಿ ನಗುತ್ತಾಳೆ. ಆದರೆ ಮೂರು ತಿಂಗಳಿಂದ ಇದು ನನ್ನ ನಿದ್ದೆ ಕೆಡಿಸಿದೆ. ಬರೆದರಾದರೂ ಸ್ವಲ್ಪ ಹಗುರಾದೀತೋ ನೋಡೋಣ.

ನನ್ನದು ಬೀದರ್ ಜಿಲ್ಲೆ, ಬಸವಕಲ್ಯಾಣದ ಕಡೆಯ ಹಳ್ಳಿ. ಊರ ಹೆಸರು ಬೇಡ. 1994ರಲ್ಲಿ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಬಂದವನು ಇಲ್ಲೇ ಉಳಿದೆ. ನಮ್ಮ ಕಡೆಯವರಿಗೆ ಬೆಂಗಳೂರು ದೂರದ ನೆಂಟ, ಹೈದರಾಬಾದು ಪಕ್ಕದ ಮನೆ. ಆಯಿ ತೀರಿಕೊಂಡ ಮೇಲೆ ಊರಿನ ಹಳೇ ಮನೆ ಬಿಚ್ಚಿದಾಗ ಒಬ್ಬೊಬ್ಬರು ಒಂದೊಂದು ವಸ್ತು ತೆಗೆದುಕೊಂಡರು. ನನ್ನ ಪಾಲಿಗೆ ಬಚ್ಚಲುಮನೆಯ ಹಂಡೆ ಬಂತು. ಚಿಕ್ಕಂದಿನಲ್ಲಿ ಅದರ ನೀರಲ್ಲೇ ಮಿಂದವನು ನಾನು, ಹಾಗಾಗಿ ಖುಷಿಯಿಂದಲೇ ಬಸ್ಸಿನ ಮೇಲೆ ಹಾಕಿಕೊಂಡು ಬಂದೆ.

ಹಂಡೆಯ ಕೊರಳಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಉರ್ದು ಅಕ್ಷರಗಳಿವೆ. ಅದು ಮುತ್ಯಾನ ಹೆಸರು ಅಂದುಕೊಂಡಿದ್ದೆ. ಇದರಲ್ಲಿ ವಿಚಿತ್ರ ಏನೂ ಇಲ್ಲ. ನಿಜಾಮರ ಸೀಮೆಯಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಕೂಡ ಉರ್ದುವಿನಲ್ಲೇ ಪಾಠ ಹೇಳುತ್ತಿತ್ತು. ನಮ್ಮ ಮುತ್ಯಾ ಮನೆಯಲ್ಲಿ ಕನ್ನಡ ಮಾತಾಡಿ, ಹೊಲದ ಲೆಕ್ಕವನ್ನು ಉರ್ದುವಿನಲ್ಲಿ ಬರೆಯುತ್ತಿದ್ದರು. ನಾನು ಮಾತ್ರ ಇಷ್ಟು ವರ್ಷ ಈ ಊರಲ್ಲಿದ್ದೂ ಉರ್ದು ಓದಲು ಕಲಿಯಲಿಲ್ಲ. ಆಟೋದವನ ಜೊತೆ ಜಗಳವಾಡುವಷ್ಟು ಮಾತು ಬಂತು, ಅಷ್ಟೇ ಸಾಕಾಯಿತು :)

ಆಯಿ ನಮಗೆ ಹೇಳುತ್ತಿದ್ದ ಕಥೆ ಒಂದೇ. ರಜಾಕಾರರ ವರ್ಷದ್ದು. 1947ರ ಆಗಸ್ಟ್‌ನಲ್ಲಿ ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದರೂ ನಿಜಾಮರು ಭಾರತಕ್ಕೆ ಸೇರಲಿಲ್ಲ. ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರರು ಹಳ್ಳಿ ಹಳ್ಳಿಗೆ ನುಗ್ಗುತ್ತಿದ್ದರು. 1948ರ ಮೇ ತಿಂಗಳಲ್ಲಿ ನಮ್ಮ ಕಡೆಯದೇ ಆದ ಗೋರ್ಟಾದಲ್ಲಿ ಇನ್ನೂರರಷ್ಟು ಜನರನ್ನು ಕೊಂದರು ಅನ್ನುತ್ತಾರೆ. ಆ ಸುದ್ದಿ ಬಂದ ರಾತ್ರಿಯೇ ನಮ್ಮವರು ಊರು ಬಿಟ್ಟರು. ಸದ್ದಾಗಬಾರದು ಅಂತ ಎತ್ತಿನ ಕೊರಳ ಗೆಜ್ಜೆ ಬಿಚ್ಚಿ, ಗಾಡಿಯ ಅಚ್ಚಿಗೆ ಮನೆಯಲ್ಲಿದ್ದ ಎಣ್ಣೆಯನ್ನೆಲ್ಲ ಸುರಿದು, ಸೊಲ್ಲಾಪುರದ ದಾರಿ ಹಿಡಿದರು. ಆಯಿಗೆ ಆಗ ಇಪ್ಪತ್ತು ವರ್ಷ. ಬಳೆ ಸದ್ದು ಮಾಡುತ್ತವೆ ಅಂತ ಅತ್ತೆ ಕೈಗೆ ಅರಿವೆ ಸುತ್ತಿದ್ದಳಂತೆ. ಈ ಕಥೆ ಯಾವಾಗಲೂ ಒಂದೇ ಕಡೆ ಮುಗಿಯುತ್ತಿತ್ತು: “ಮುಂದ ಮಿಲಿಟ್ರಿ ಬಂತು, ನಾವು ಮನೀಗ್ ಬಂದಿವಿ. ಮನ್ಯಾಗ ಒಂದ್ ಚಮಚಾ ಸೈತ ಬಿಟ್ಟಿದ್ದಿಲ್ಲ ಅವರು.”

ಮಿಲಿಟರಿ ಬಂದದ್ದು ಸೆಪ್ಟೆಂಬರ್ 13ಕ್ಕೆ. 17ಕ್ಕೆ ನಿಜಾಮರು ಶರಣಾದರು. ಆಯಿ ಹೇಳದೆ ಬಿಟ್ಟದ್ದು ಅದರ ಮುಂದಿನ ವಾರಗಳನ್ನು. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಅದೇ ವರ್ಷದ ಕೊನೆಯಲ್ಲಿ ಈ ಸೀಮೆಯನ್ನು ಸುತ್ತಿ, ಪೊಲೀಸ್ ಕಾರ್ಯಾಚರಣೆಯ ಸಮಯದಲ್ಲಿ ಮತ್ತು ಅದರ ನಂತರ 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕು ಅಂತ ಅಂದಾಜು ಕೊಟ್ಟಿತು. ಸತ್ತವರಲ್ಲಿ ಹೆಚ್ಚಿನವರು ಮುಸಲ್ಮಾನರು. ಅತಿ ಹೆಚ್ಚು ನಲುಗಿದ ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ದಶಕಗಟ್ಟಲೆ ಮುಚ್ಚಿಟ್ಟಿದ್ದ ಆ ವರದಿ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ನೋಡಲು ಸಿಗುತ್ತದೆ ಅಂತ 2013ರಲ್ಲಿ ಸುದ್ದಿಯಾಯಿತು. ನಾನೂ ಓದಿದೆ. ಓದಿ, “ಅಯ್ಯೋ ಪಾಪ” ಅಂದು ಸುಮ್ಮನಾದೆ. ನಮ್ಮ ಮನೆಗೂ ಅದಕ್ಕೂ ಏನು ಸಂಬಂಧ?

ಸಂಬಂಧ ಗೊತ್ತಾಗಿದ್ದು ಈ ವರ್ಷ, ಮಲಕಪೇಟೆಯ ಒಬ್ಬ ದರ್ಜಿಯ ಅಂಗಡಿಯಲ್ಲಿ. ಪ್ಯಾಂಟು ಸಡಿಲ ಮಾಡಿಸಲು ಹೋಗಿದ್ದೆ. ಅವ್ವನ ಫೋನು ಬಂತು, ಮಾತಾಡಿದೆ. ಫೋನಿಟ್ಟ ಮೇಲೆ ಎಪ್ಪತ್ತು ದಾಟಿದ ಆ ಚಾಚಾ ಕನ್ನಡಕ ಹಣೆಗೇರಿಸಿ ಕೇಳಿದರು: “ಯಾವೂರ್ರೀ ನಿಮ್ದು?”

ಬೀದರ್ ಕಡೆ ಅಂದೆ. “ನಮ್ದೂ ಅಲ್ಲೇ. ಅಂದ್ರ ನಮ್ಮವ್ವಂದು. ನಾ ಇಲ್ಲೇ ಹುಟ್ಟಿದವ. ಸಿಟ್ಟು ಬಂದ್ರ ಅಕಿ ಕನ್ನಡದಾಗೇ ಬೈತಿದ್ಲು. ಅಳೂದೂ ಕನ್ನಡದಾಗೇ.”

ಆಮೇಲೆ ಹೊಲಿಯಲು ಏನಾದರೂ ಇದೆಯೋ ಅಂತ ಹುಡುಕಿ ಹುಡುಕಿ ಅಲ್ಲಿಗೆ ಹೋಗತೊಡಗಿದೆ. ಮೂರನೆಯದೋ ನಾಲ್ಕನೆಯದೋ ಭೇಟಿಯಲ್ಲಿ ಹೇಳಿದರು. ಅವರ ತಾಯಿಯ ಅಪ್ಪ, ಇಬ್ಬರು ಅಣ್ಣಂದಿರು ಒಂದೇ ದಿನ ಹೋದರು. ಪಕ್ಕದ ಮನೆಯವರು ಖಾಲಿ ಹಗೇವಿನೊಳಗೆ ಇಳಿಸಿ, ಮೇಲೆ ಕಣಿಕೆ ಹರವಿ ಅವ್ವನನ್ನು ಉಳಿಸಿದರು. “ಕೊಂದವ್ರೂ ನಮ್ಮೂರವ್ರೇ, ಉಳಿಸಿದವ್ರೂ ನಮ್ಮೂರವ್ರೇ. ಯಾರಿಗಿ ಏನ್ ಅನ್ನೂದ್ರೀ?” ಅಂದು ಮಷೀನು ತುಳಿದರು. ಇಂಥ ಉಳಿಸಿದವರ ಮಾತು ಸುಂದರಲಾಲರ ವರದಿಯಲ್ಲೂ ಇದೆ. ಹಿಂದೂ ನೇಕಾರರು ತಮ್ಮ ಜೊತೆಯ ಮುಸಲ್ಮಾನ ನೇಕಾರರಿಗೆ ಅಡ್ಡ ನಿಂತರಂತೆ.

ಆ ದಿನ ನನಗೆ ಏನು ತೋಚಿತೋ, ಫೋನಿನಲ್ಲಿದ್ದ ಹಂಡೆಯ ಫೋಟೋ ತೋರಿಸಿದೆ. ನಮ್ಮ ಮುತ್ಯಾನ ಹೆಸರು ಓದಿರಿ ಚಾಚಾ, ಅಂದೆ. ಅವರು ಫೋಟೋ ದೊಡ್ಡದು ಮಾಡಿ, ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿದರು.

“ಹೆಣ್ಮಗಳ ಹೆಸ್ರದ ಇದು. ನಮ್ಮವ್ರ ಹೆಣ್ಮಗಳು. ಲಗ್ನದಾಗ ತೌರಮನ್ಯಾಗ ಕೊಟ್ಟಿದ್ದಿರ್ಬೇಕು.” ನನ್ನ ಮುಖ ನೋಡಿ ಏನು ಅನ್ನಿಸಿತೋ, ಮೆಲ್ಲಗೆ ಸೇರಿಸಿದರು: “ನಮ್ಮ ಮನಿದಲ್ಲ, ಅಂಜಬ್ಯಾಡ್ರಿ.”

ಆ ಹೆಸರು ಇಲ್ಲಿ ಬರೆಯುವುದಿಲ್ಲ.

ಸಂತೆಯಲ್ಲಿ ಕೊಂಡದ್ದಿರಬಹುದು. ಊರು ಬಿಡುವ ಅವಸರದಲ್ಲಿ ಯಾರೋ ಅಗ್ಗಕ್ಕೆ ಮಾರಿದ್ದಿರಬಹುದು. ಇವೆಲ್ಲ ನನಗೂ ಹೊಳೆದಿವೆ. ಹೊಳೆದ ವೇಗ ನೋಡಿದರೇ ನನ್ನ ಮನಸ್ಸಿನ ಮೇಲೆ ನನಗೆ ಅನುಮಾನ. ಅದಕ್ಕಿಂತ ಬೇಗ ಇನ್ನೊಂದು ಮಾತು ಹೊಳೆಯಿತು: ಅವರು ನಮ್ಮ ಮನೆಯಲ್ಲಿ ಒಂದು ಚಮಚ ಬಿಡಲಿಲ್ಲ, ನಮಗೆ ಅವರ ಒಂದು ಹಂಡೆ ಬಂದರೆ ಏನಾಯಿತು?

ಈ “ಅವರು” ಅನ್ನುವ ಪದ ನೋಡಿ. ನಮ್ಮ ಮನೆ ದೋಚಿದ ಅವರು ಬೇರೆ, ಹಂಡೆಯ ಮೇಲೆ ಹೆಸರಿರುವ ಹೆಣ್ಣುಮಗಳು ಬೇರೆ. ಇಬ್ಬರನ್ನೂ ಒಂದೇ ಪದದೊಳಗೆ ಹಾಕಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಭಾರತಕ್ಕೆ ಸೇರಬೇಕು ಅಂತ ಬರೆದದ್ದಕ್ಕೆ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನರನ್ನು 1948ರ ಆಗಸ್ಟ್‌ನಲ್ಲಿ ಇದೇ ಹೈದರಾಬಾದಿನಲ್ಲಿ ಕೊಂದು, ಕೈ ಕತ್ತರಿಸಿದರಲ್ಲ, ಅವರು ಯಾವ “ಅವರು”? ಪತಂಜಲಿ ಕ್ಲೇಶಗಳನ್ನು ಎಣಿಸುವಾಗ ದ್ವೇಷವನ್ನು ಮೊದಲಿಗೆ ಇಡುವುದಿಲ್ಲ. ಅವಿದ್ಯೆ ಮೊದಲು, ಆಮೇಲೆ ಅಸ್ಮಿತೆ, ಆಮೇಲೆ ರಾಗ, ದ್ವೇಷ. ಯೋಗದ ಪುಸ್ತಕ ಅಂತ ಓದಿ ಮರೆತಿದ್ದೆ. ಈಗ ಅನಿಸುತ್ತದೆ, ಮೊದಲು “ನಾನು” ಗಟ್ಟಿಯಾಗಬೇಕು, ಅದರ ಎದುರಿಗೆ ಒಬ್ಬ “ಅವರು” ತಯಾರಾಗಬೇಕು, ದ್ವೇಷ ಆಮೇಲೆ ತಾನೇ ಬಂದು ಕೂರುತ್ತದೆ ಅಂತ.

ಹಾಗಾದರೆ ಮುತ್ಯಾ ದ್ವೇಷ ಮಾಡಿದರೇ? ನಾನು ಏಳನೇ ಇಯತ್ತೆಯಲ್ಲಿದ್ದಾಗ ಹೋದರು. ಜೋರಾಗಿ ಮಾತಾಡಿದ್ದು ನೆನಪಿಲ್ಲ. ಮಳೆಗಾಲದಲ್ಲಿ ಹಳ್ಳ ದಾಟಿಸುವಾಗ ನನ್ನ ಮುಂಗೈ ಹಿಡಿಯುತ್ತಿದ್ದ ಬಿಸಿ ಈಗಲೂ ಇದೆ. ಹನ್ನಾ ಅರೆಂಟ್ 1961ರಲ್ಲಿ ಜೆರುಸಲೇಮಿನಲ್ಲಿ ನಾಜಿ ಅಧಿಕಾರಿ ಐಕ್‌ಮನ್‌ನ ವಿಚಾರಣೆ ನೋಡಿ, ಇವನು ರಾಕ್ಷಸನಲ್ಲ, ತಾನು ಮಾಡುತ್ತಿರುವುದರ ಬಗ್ಗೆ ಯೋಚನೆಯನ್ನೇ ಮಾಡದ ಸಾಧಾರಣ ಮನುಷ್ಯ ಅಂದರು. ಅವನ ಹಳೆಯ ಕಾಗದಪತ್ರ, ಟೇಪುಗಳನ್ನು ಜಾಲಾಡಿದ ಬೆಟ್ಟಿನಾ ಸ್ಟಾಂಗ್‌ನೆತ್ ಆಮೇಲೆ ಬೇರೆಯೇ ತೋರಿಸಿದ್ದಾರೆ. ಅವನು ಚೆನ್ನಾಗಿ ಯೋಚಿಸಿಯೇ ದ್ವೇಷಿಸಿದವನು, ಕೋರ್ಟಿನಲ್ಲಿ ಗುಮಾಸ್ತನ ವೇಷ ಹಾಕಿದ್ದ. ಅಷ್ಟು ದಾಖಲೆಗಳಿದ್ದ ಮನುಷ್ಯನ ಒಳಗೇ ಹೊಕ್ಕು ನೋಡಲಾಗಲಿಲ್ಲ ಅಂದಮೇಲೆ, ನಮ್ಮ ಮುತ್ಯಾ ಬಿಟ್ಟುಹೋದದ್ದು ಒಂದು ಲೆಕ್ಕದ ವಹಿ, ಅದನ್ನೂ ಗೆದ್ದಲು ತಿಂದಿದೆ.

ನಮ್ಮ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ಅದರಲ್ಲಿ ರಾಜ ಬಲಿ ಕೊಡುವುದು ಹಿಟ್ಟಿನ ಕೋಳಿಯನ್ನು. ರಕ್ತವಿಲ್ಲ, ಜೀವವಿಲ್ಲ. ಆದರೂ ಮನಸ್ಸಿನಲ್ಲಿ ಕೊಂದದ್ದಕ್ಕೆ ಅವನೂ ತಾಯಿಯೂ ಜನ್ಮ ಜನ್ಮ ತೊಳಲುತ್ತಾರೆ. ಕಾರ್ನಾಡರು ‘ಹಿಟ್ಟಿನ ಹುಂಜ’ ಮಾಡಿದ್ದು ಇದೇ ಕಥೆಯನ್ನು. ಕಾಲೇಜಿನಲ್ಲಿ ಓದಿದಾಗ ಇದು ಅತಿ ಅನಿಸಿತ್ತು. ಈಗ ನನ್ನ ಪ್ರಶ್ನೆ ತಲೆಕೆಳಗು. ಮನಸ್ಸಿನಲ್ಲಿ ಏನೂ ಇಲ್ಲದೆ, ಯಾರನ್ನೂ ದ್ವೇಷಿಸದೆ, ಚಳಿಗಾಲದ ಬೆಳಿಗ್ಗೆ ಆ ಹಂಡೆಯ ಬಿಸಿನೀರನ್ನು ಹದಿನೆಂಟು ವರ್ಷ ಮೈಮೇಲೆ ಸುರಿದುಕೊಂಡವನ ಲೆಕ್ಕ ಏನು? ಜನ್ನನಲ್ಲಿ ಇದಕ್ಕೆ ಉತ್ತರ ಸಿಗಲಿಲ್ಲ.

ಕೊನೆಗೆ ಅವ್ವನಿಗೆ ಫೋನು ಮಾಡಿ ಕೇಳಿದೆ. “ನಾ ಸೊಸಿಯಾಗಿ ಬಂದಾಗೇ ಇತ್ತಪ್ಪ. ಯಾಕ?” ಹೇಳಿದೆ. ಬಹಳ ಹೊತ್ತು ಮಾತಿಲ್ಲ. ಲೈನು ಕಟ್ಟಾಯಿತೇನೋ ಅಂದುಕೊಂಡೆ.

“ಒಂದ್ ಮಾತದ. ನಿಮ್ಮ ಆಯಿ ಆ ಹಂಡ್ಯಾಗಿನ ನೀರ ಎಂದೂ ಮೈಮ್ಯಾಲ ಹಾಕ್ಕೊಳ್ಳಿಲ್ಲ ನೋಡು. ಎಲ್ಲಾರ್ಗೂ ಕಾಸಿ ಕಾಸಿ ಕೊಡಾಕಿ. ತಾ ಮಾತ್ರ ಬಾವಿಕಟ್ಟಿ ಮ್ಯಾಲ ತಣ್ಣೀರು. ಜರಾ ಬಂದಾಗೂ ಅಷ್ಟೇ.”

“ಯಾಕವ್ವಾ?”

“ಯಾರಿಗ್ಗೊತ್ತು. ಸಾಬರ ಭಾಂಡೆ ಅಂತ ಮಡೀನೋ ಏನೋ. ಅಕಿ ಹೇಳ್ಲಿಲ್ಲ, ನಾ ಕೇಳ್ಲಿಲ್ಲ.”

ಐವತ್ತು ವರ್ಷ ತಣ್ಣೀರು! ಅಂದರೆ ಆಯಿಗೆ ಗೊತ್ತಿತ್ತು. ಏನು ಗೊತ್ತಿತ್ತು, ಅದನ್ನು ಹೇಗೆ ಹೊತ್ತಿದ್ದಳು ಅನ್ನುವುದು ಮಾತ್ರ ತಿಳಿಯುವ ದಾರಿ ಇಲ್ಲ. ಅವ್ವ ಹೇಳಿದಂತೆ ಮೈಲಿಗೆ ಅಂತ ಮುಟ್ಟದೆ ಇದ್ದಳೋ, ಆ ಹೆಣ್ಣುಮಗಳ ಮುಖ ನೆನಪಿದ್ದು ಮುಟ್ಟಲಾರದೆ ಇದ್ದಳೋ? ಅಥವಾ ಆಯಿಗೆ ತಣ್ಣೀರೇ ಹಿತವಾಗಿತ್ತೋ! ಹೊರಗಿನಿಂದ ನೋಡುವವರಿಗೆ ಮೂರೂ ಒಂದೇ ಥರ, ಬಾವಿಕಟ್ಟೆಯ ಮೇಲೆ ನಡುಗುತ್ತ ಕೂತ ಒಬ್ಬ ಮುದುಕಿ. ಒಳಗೆ ಒಬ್ಬ ಸಾಕ್ಷಿ ಇರುತ್ತಾನೆ, ಅವನಿಗೆ ಯಾವುದೂ ಅಂಟುವುದಿಲ್ಲ ಅನ್ನುತ್ತದೆ ವೇದಾಂತ. ಇರಬಹುದು. ಆದರೆ ಆಯಿಯ ಸಾಕ್ಷಿ ಏನು ನೋಡಿದ್ದ ಅಂತ ಅವನನ್ನು ಕೇಳಲು ಬರುವುದಿಲ್ಲವಲ್ಲ.

ಚಾಚಾನಿಗೆ ಹಂಡೆ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. “ನಾ ಏನ್ ಮಾಡ್ಲಿರಿ ಇದನ್ನ, ನಮ್ಮ ಮನ್ಯಾಗ ಕಾಲಿಡಾಕ ಜಾಗಾ ಇಲ್ಲ” ಅಂದರು. ಅಲಿಫ್, ಬೇ ಕಲಿಸಿಕೊಡಿ ಅಂದಿದ್ದೇನೆ. ಶುಕ್ರವಾರ ಬಿಟ್ಟು ಯಾವತ್ತಾದರೂ ಬನ್ನಿ ಅಂದಿದ್ದಾರೆ.

ನಿನ್ನೆ ಛತ್ರಿ, ಬ್ಯಾಟು ಎಲ್ಲ ತೆಗೆದು ಹುಣಸೆಹಣ್ಣು ಹಚ್ಚಿ ಹಂಡೆ ತಿಕ್ಕಿದೆ. ಅಕ್ಷರಗಳು ಮೊದಲಿಗಿಂತ ಚೆನ್ನಾಗಿ ಕಾಣುತ್ತಿವೆ. ಛತ್ರಿ ಎಲ್ಲಿಡೋದು ಅಂತ ಹೆಂಡತಿ ಕೇಳುತ್ತಿದ್ದಾಳೆ.