ಅಪ್ಪಯ್ಯ ಮಡಚಿದ ಚಾದರ



ನಮ್ಮವರ ಬಾಯಲ್ಲಿ ‘ಹೋಟೆಲ್’ ಎಂದರೆ ಇಡ್ಲಿ, ದೋಸೆ, ಕಾಫಿ ಸಿಗುವ ಜಾಗ. ಅಲ್ಲಿ ಮಲಗುವುದೆಂದರೆ ರಾತ್ರಿ ಬಾಗಿಲು ಹಾಕಿದ ಮೇಲೆ ಬೆಂಚು ಜೋಡಿಸಿ ಮಲಗುವುದು. ನನ್ನ ಅಪ್ಪಯ್ಯ 1948ರಲ್ಲಿ, ಹನ್ನೆರಡನೆಯ ವಯಸ್ಸಿಗೆ, ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದವರು. ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಅದೇ ಮಾಟುಂಗದ ಇನ್ನೊಂದು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿಶಾಲೆಯಲ್ಲಿ ಕಲಿತರು. ನಿಮ್ಮಲ್ಲಿ ಹಲವರ ಅಜ್ಜಂದಿರ ಕಥೆಯೂ ಇದೇ ಇರಬಹುದು.

1996ರ ಡಿಸೆಂಬರಿನಲ್ಲಿ ಕಂಪನಿಯ ಕೆಲಸಕ್ಕೆಂದು ದೆಹಲಿಗೆ ಹೊರಟಾಗ ಅವರನ್ನೂ ಕರೆದುಕೊಂಡು ಹೋದೆ. ಆಗ ದೇವೇಗೌಡರು ಪ್ರಧಾನಿ. ‘ನಮ್ಮವರು ಆಳುವ ಊರನ್ನು ಒಮ್ಮೆ ನೋಡಬೇಕು’ ಎಂಬ ಆಸೆ ಅಪ್ಪಯ್ಯನಿಗೆ. ಕನಾಟ್ ಪ್ಲೇಸಿನ ಹತ್ತಿರ ಒಂದು ದೊಡ್ಡ ಹೋಟೆಲಿನಲ್ಲಿ ಇಳಿದುಕೊಂಡೆವು. ಕೋಣೆಯ ಕಿಟಕಿಯಿಂದ, ರಾಜಾ ಜಯಸಿಂಹ 1724ರಲ್ಲಿ ಕಟ್ಟಿಸಿದ ಜಂತರ್ ಮಂತರ್‌ನ ಕೆಂಪು ಗೋಡೆಗಳು ಕಾಣುತ್ತಿದ್ದವು.

ಬಾಡಿಗೆ ಎಷ್ಟೆಂದು ಕೇಳಿದರು. ಅರ್ಧ ಮಾಡಿ ಹೇಳಿದೆ. ಚಹಾ ತರಿಸಿದರೆ ಡಿಕಾಕ್ಷನ್, ಹಾಲು, ಸಕ್ಕರೆ ಬೇರೆ ಬೇರೆಯಾಗಿ ಬಂದವು. “ಬೆರೆಸುವ ಕೆಲಸವೂ ಗಿರಾಕಿಯದ್ದೇ ಆದರೆ ಇಷ್ಟು ದುಡ್ಡು ಎಂತಕ್ಕೆ?” ಎಂದು ನಕ್ಕರು.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ನೋಡುತ್ತೇನೆ: ಎರಡೂ ಹಾಸಿಗೆಯ ಚಾದರಗಳು ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟಿವೆ. ಕಪ್ಪುಗಳು ತೊಳೆದು ಟ್ರೇಯಲ್ಲಿ ಬೋರಲಾಗಿವೆ.

“ಅಪ್ಪಯ್ಯ, ನೀವು ಯಾಕೆ ಮಾಡಿದ್ದು? ಇದಕ್ಕೆಲ್ಲ ಜನ ಇಲ್ಲವಾ?”

“ಜನ ಇತ್ತ್ ಮಗಾ. ನಾನೂ ಒಂದ್ ಕಾಲ್ದಾಗೆ ಅದೇ ಜನ ಅಲ್ದಾ?”

ಅಷ್ಟರಲ್ಲಿ ಬೆಲ್ಲಾಯಿತು. ಕೋಣೆ ಗುಡಿಸುವ ಹುಡುಗ ಒಳಗೆ ಬಂದು ಹಾಸಿಗೆಯನ್ನೂ ನನ್ನನ್ನೂ ನೋಡಿದ. ನನಗೆ ಸಂಕೋಚವಾಯಿತು. “ಹಳ್ಳಿಯಿಂದ ಬಂದ ಮುದುಕರು, ಇಂಥದ್ದೆಲ್ಲ ಗೊತ್ತಿಲ್ಲ” ಎಂದು ಹಿಂದಿಯಲ್ಲಿ ಹೇಳಿಬಿಟ್ಟೆ. ಸುಮಾರು ಐವತ್ತು ವರ್ಷ ಮುಂಬಯಿಯಲ್ಲಿ ಬಾಳಿದ ಅಪ್ಪಯ್ಯನ ಹಿಂದಿ ನನ್ನದಕ್ಕಿಂತ ಚೆನ್ನಾಗಿತ್ತು ಎಂಬುದು ಆ ಗಳಿಗೆಯಲ್ಲಿ ನನಗೆ ನೆನಪಾಗಲಿಲ್ಲ.

ಅವರು ಏನೂ ಅನ್ನಲಿಲ್ಲ. ಸಂಸತ್ ಭವನ, ಇಂಡಿಯಾ ಗೇಟ್ ಎಲ್ಲ ನೋಡಿದರು. ಮಾತು ಮಾತ್ರ ಕಡಿಮೆಯಾಗಿತ್ತು. ಹೊರಡುವ ದಿನವೂ ಚಾದರ ಮಡಚಿದರು. ದಿಂಬಿನ ಮೇಲೆ ಐವತ್ತು ರೂಪಾಯಿಯ ಒಂದು ನೋಟು ಇಟ್ಟರು. “ಆ ಮಾಣಿಗೆ” ಎಂದರು, ಅಷ್ಟೇ.

2003ರಲ್ಲಿ ಅಪ್ಪಯ್ಯ ತೀರಿಕೊಂಡರು. ಆ ಏಳು ವರ್ಷಗಳಲ್ಲಿ ಕ್ಷಮೆ ಕೇಳಲು ನನಗೆ ಸಮಯ ಸಿಗಲಿಲ್ಲವೆಂದು ಹೇಗೆ ಹೇಳಲಿ? ಬಾಯಿ ಬರಲಿಲ್ಲ.

ನೀವು ಓದಿದವರು, ನಾಳೆ ಇದಕ್ಕಿಂತ ದೊಡ್ಡ ಹೋಟೆಲುಗಳಲ್ಲಿ ಇಳಿದುಕೊಳ್ಳುವವರು. ಖಂಡಿತ ಇಳಿದುಕೊಳ್ಳಿ, ನಮ್ಮ ಹಿರಿಯರು ಬೆಂಚಿನ ಮೇಲೆ ಮಲಗಿದ್ದು ಅದಕ್ಕಾಗಿಯೇ. ಆದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋದರೆ, ಬಾಗಿಲು ತಟ್ಟಿದ ಹುಡುಗನಿಗೆ “ಇವರು ನಮ್ಮ ತಂದೆ” ಎಂದಷ್ಟೇ ಹೇಳಿ. ಬೇರೆ ವಿವರಣೆ ಬೇಡ.

ಈಗ ಎಲ್ಲಿ ತಂಗಿದರೂ ಚಾದರವನ್ನು ನಾನೇ ಮಡಚುತ್ತೇನೆ. ಅವರ ಹಾಗೆ ಅಂಚು ಮಾತ್ರ ಇನ್ನೂ ಕೂಡುವುದಿಲ್ಲ.