ಮುಯ್ಯಿಯ ಪುಸ್ತಕ

ನಾನು ಕಾಲೇಜಿಗೆ ಸೇರುವವರೆಗೆ ನಮ್ಮ ಮನೆಯಲ್ಲಿ ಜೋಪಾನವಾಗಿ ಕಾಯ್ದಿಟ್ಟ ಪುಸ್ತಕವೆಂದರೆ ಒಂದೇ, ಮುಯ್ಯಿಯ ಪುಸ್ತಕ. ಹಳೇ ಮೈಸೂರಿನ ಹಳ್ಳಿಗಳಿಂದ ಬಂದ ಮಿತ್ರರಿಗೆ ಇದರ ಪರಿಚಯ ಬೇಕಾಗಿಲ್ಲ. ಪಟ್ಟಣದವರಿಗಾಗಿ ಎರಡು ಮಾತು ಹೇಳುತ್ತೇನೆ. ಮದುವೆಗೆ ಬಂದ ನೆಂಟರಿಷ್ಟರು ಕೊಡುವ ಹಣವೇ ಮುಯ್ಯಿ. ಕೊಟ್ಟವರ ಹೆಸರು, ಊರು, ಮೊತ್ತ ಎಲ್ಲವನ್ನೂ ಬರೆದಿಡಬೇಕು. ಮುಂದೆ ಅವರ ಮನೆಯಲ್ಲಿ ಮದುವೆಯಾದಾಗ ಅಷ್ಟನ್ನು, ಸಾಧ್ಯವಾದರೆ ಅದರ ಮೇಲೆ ಒಂದಿಷ್ಟನ್ನು ಸೇರಿಸಿ ಹಿಂತಿರುಗಿಸಬೇಕು.

ನಮ್ಮ ತಂದೆತಾಯಿಗೆ ಅಕ್ಷರ ಬಾರದು. ಅಕ್ಕ ಏಳನೆಯ ತರಗತಿಗೆ ಶಾಲೆ ಬಿಟ್ಟಳು. ಪುಸ್ತಕದ ಹಳೆಯ ಹಾಳೆಗಳಲ್ಲಿರುವುದು ಊರಿನ ಮೇಷ್ಟರ ಕೈಬರಹ. ಮೂರು ವರ್ಷಗಳ ಹಿಂದೆ ಅಕ್ಕನ ಮದುವೆಯಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಹೆಣ್ಣುಮಗಳೊಬ್ಬಳು ಮುಯ್ಯಿ ಬರೆಯಲು ಕೂತದ್ದು ನಮ್ಮೂರಿನಲ್ಲಿ ಅದೇ ಮೊದಲು. ಕೆಲವರು ಹುಬ್ಬೇರಿಸಿದರು, ಲೆಕ್ಕ ಸರಿಯಾಗಿದೆಯೆಂದು ಕಂಡ ಮೇಲೆ ಸುಮ್ಮನಾದರು.

ಮದುವೆ ಮುಗಿದ ಮೇಲೆ ನಾನು ಆ ಲೆಕ್ಕವನ್ನು ಕೂಡಿದೆ. ಮುಯ್ಯಿಯಾಗಿ ಬಂದದ್ದು ೧,೧೨,೦೦೦ ರೂಪಾಯಿ. ಖರ್ಚಾದದ್ದು ೬,೫೦,೦೦೦ ರೂಪಾಯಿ. ಛತ್ರದ ಬಾಡಿಗೆ, ಹೂವಿನ ಮಂಟಪ, ಅಡುಗೆಯ ಗುತ್ತಿಗೆ, ಫೋಟೋದವರು, ಒಡವೆ, ಗಂಡಿಗೆ ಬೈಕು. ಒಂದೂವರೆ ಎಕರೆ ಹೊಲ ಭೋಗ್ಯಕ್ಕೆ ಹೋಯಿತು. ಆ ಹೊಲದಲ್ಲಿ ಈಗ ಬೇರೆಯವರು ರಾಗಿ ಬಿತ್ತುತ್ತಾರೆ. ಅಪ್ಪ ಪಕ್ಕದೂರಿನ ತೋಟಕ್ಕೆ ಕೂಲಿಗೆ ಹೋಗುತ್ತಾರೆ. ಇಷ್ಟಾದರೂ ಗಂಡಿನ ಕಡೆಯವರು ಏನನ್ನೂ ಕೇಳಲಿಲ್ಲವೆಂದೇ ಊರು ಹೇಳುತ್ತದೆ. ಅದು ನಿಜವೂ ಹೌದು. “ನಿಮ್ಮ ಮಗಳಿಗೆ ನೀವು ಏನು ಮಾಡ್ತೀರೋ ಮಾಡಿ” ಎಂದರು, ಅಷ್ಟೆ. ವರದಕ್ಷಿಣೆ ನಿಷೇಧದ ಕಾಯಿದೆ ಬಂದದ್ದು ೧೯೬೧ರಲ್ಲಿ. ಅದರಿಂದ ನಮ್ಮವರು ಕಲಿತದ್ದು ಈ ಒಂದು ವಾಕ್ಯವನ್ನು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಎರಡನೆಯ ವರ್ಷದ ಬಿ.ಎ.ಯಲ್ಲಿದ್ದಾಗ ನಮ್ಮ ಗ್ರಂಥಾಲಯದಲ್ಲಿ ಕುವೆಂಪು ಅವರ ‘ಮಂತ್ರ ಮಾಂಗಲ್ಯ’ ಎಂಬ ಚಿಕ್ಕ ಪುಸ್ತಕ ಕೈಗೆ ಸಿಕ್ಕಿತು. ಪುರೋಹಿತರಿಲ್ಲದೆ, ಮುಹೂರ್ತ ನೋಡದೆ, ವರದಕ್ಷಿಣೆ ಆಡಂಬರಗಳಿಲ್ಲದೆ, ತಮಗೆ ತಿಳಿಯುವ ಮಾತಿನಲ್ಲಿ ವಧೂವರರು ಸಂಕಲ್ಪ ಮಾಡಿ ಮದುವೆಯಾಗುವ ಕ್ರಮ ಅದರಲ್ಲಿದೆ. ೧೯೬೬ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರು ರಾಜೇಶ್ವರಿಯವರನ್ನು ಮದುವೆಯಾದದ್ದು ಈ ಕ್ರಮದಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಮಹಾಕವಿ ಮಗನ ಮದುವೆಗೆ ಕರೆದಿದ್ದರೆ ನಾಡೇ ನೆರೆಯುತ್ತಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ ಸಂಗತಿ. ವಿಚಾರ ಊರ ಮಕ್ಕಳಿಗೆ, ಸಂಪ್ರದಾಯ ಸ್ವಂತ ಮಕ್ಕಳಿಗೆ ಎಂದು ಅವರು ಪಾಲು ಮಾಡಲಿಲ್ಲ. ಮುಂದೆ, ೧೯೮೦ರಲ್ಲಿ ಹುಟ್ಟಿದ ರಾಜ್ಯ ರೈತ ಸಂಘವೂ ಸರಳ ಮದುವೆಯ ಮಾತನ್ನು ಹಳ್ಳಿಗಳಿಗೆ ಒಯ್ದಿತು.

ಇಂಥ ಪಾಲು ಮಾಡುವುದರಲ್ಲಿ ನಾವು ವಿದ್ಯಾವಂತರು ನಿಪುಣರು. ವರದಕ್ಷಿಣೆಯ ಮೇಲೆ ಚರ್ಚಾಸ್ಪರ್ಧೆ ನಡೆದರೆ ಸಭಾಂಗಣ ಚಪ್ಪಾಳೆಯಿಂದ ತುಂಬುತ್ತದೆ. ಬಹುಮಾನ ಪಡೆದವರ ಮನೆಯ ಲಗ್ನಪತ್ರಿಕೆ ಬಂದಾಗ ಛತ್ರದ ಹೆಸರನ್ನೇ ನಾವು ಮೊದಲು ಓದುತ್ತೇವೆ. ನಡೆ ನುಡಿ ಒಂದಾಗಬೇಕೆಂದು ಹನ್ನೆರಡನೆಯ ಶತಮಾನದ ಶರಣರು ಇದೇ ಕನ್ನಡದಲ್ಲಿ ಹೇಳಿದರು. ನಾವು ಅದನ್ನು ಹತ್ತು ಅಂಕದ ಪ್ರಶ್ನೆಗೆ ಉತ್ತರವಾಗಿ ಬರೆದು ಬಂದೆವು.

ಪರೀಕ್ಷೆ ಮುಗಿದೊಡನೆ ನನ್ನ ಮದುವೆ ಎಂದು ಮನೆಯಲ್ಲಿ ಮಾತೆದ್ದಾಗ ನಾನು ಅಪ್ಪನಿಗೆ ನೇರವಾಗಿ ಹೇಳಿದೆ: ಮದುವೆಯಾದರೆ ಹೀಗೆ ಆಗುತ್ತೇನೆ, ಹೊಲ ಮಾರಿ ಆಗುವುದಿಲ್ಲ. ಅಪ್ಪ ಸಿಟ್ಟಾಗಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, “ಅಲ್ಲ ಕಣವ್ವ, ನಾವು ಎಲ್ಲಾರ ಮನೇಲೂ ಉಂಡಿದೀವಿ. ನಮ್ಮನೇಲಿ ಯಾರಿಗೂ ಒಂದು ತುತ್ತು ಇಕ್ಕದಿದ್ರೆ ಆ ಋಣ ತೀರೋದು ಹೆಂಗೆ?” ಎಂದರು.

ಓದಿದವರು ಸಂಪ್ರದಾಯವನ್ನು ಮೌಢ್ಯವೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಅಪ್ಪನ ಪ್ರಶ್ನೆ ಮೌಢ್ಯವಾಗಿರಲಿಲ್ಲ. ಅದಕ್ಕೆ ಉತ್ತರ ಹುಡುಕಲು ಮುಯ್ಯಿಯ ಪುಸ್ತಕದ ಹಳೆಯ ಹಾಳೆಗಳನ್ನೇ ತಿರುವಿದೆ. ಅಪ್ಪನ ಮದುವೆಯ ಕಾಲದ ಬರಹದಲ್ಲಿ ಐದು ರೂಪಾಯಿ, ಹತ್ತು ರೂಪಾಯಿ. ಒಂದು ಪಲ್ಲ ರಾಗಿ. ಒಂದು ಹೊರೆ ಬಾಳೆಲೆ. ಎರಡು ಅಚ್ಚು ಬೆಲ್ಲ. ಚಪ್ಪರಕ್ಕೆ ಸೊಪ್ಪು ತಂದವರ ಹೆಸರು ಕೂಡ ಇದೆ. ಯಾವ ಬ್ಯಾಂಕೂ ಬಾಗಿಲು ತೆರೆಯದಿದ್ದ ಬಡವರಿಗೆ ಮುಯ್ಯಿಯೇ ಸಹಕಾರ ಸಂಘವಾಗಿತ್ತು. ಒಬ್ಬರ ಮನೆಯ ಭಾರವನ್ನು ನೂರು ಮನೆಗಳು ಹೊತ್ತು ಇಳಿಸುತ್ತಿದ್ದವು. ಇಂದು ಪುಸ್ತಕ ಅದೇ ಇದೆ, ಬರೆಯುವ ಕ್ರಮವೂ ಅದೇ ಇದೆ. ಆದರೆ ನೂರು ಮನೆಯವರು ಕೊಟ್ಟದ್ದು ಛತ್ರದ ಬಾಡಿಗೆಗೂ ಹೂವಿನ ಮಂಟಪಕ್ಕೂ ಹೋಗಿ, ಭಾರ ಮಾತ್ರ ಒಬ್ಬನ ಹೆಗಲ ಮೇಲೆಯೇ ಉಳಿಯುತ್ತದೆ. ಹಾಗಾದರೆ ಹಿರಿಯರ ಪದ್ಧತಿಯನ್ನು ಮುರಿಯುತ್ತಿರುವವರು ಯಾರು? ಸರಳವಾಗಿ ಮದುವೆಯಾಗುತ್ತೇನೆ ಎನ್ನುವ ನಾನೋ, ಹೊಲ ಒತ್ತೆಯಿಟ್ಟು ಮಂಟಪ ಕಟ್ಟುವ ನಾಲ್ಕು ಜನರೋ?

ಆದ್ದರಿಂದ ಅಪ್ಪನಿಗೆ ಹೀಗೆ ಉತ್ತರ ಕೊಟ್ಟೆ: “ಊಟ ಇಕ್ಕಬ್ಯಾಡ ಅಂತ ನಾನು ಹೇಳಿಲ್ಲಪ್ಪ. ನಮ್ಮ ಅಂಗಳದಲ್ಲೇ ಇಕ್ಕೋಣ. ಮುದ್ದೆ, ಅವರೆಕಾಳು ಸಾರು, ಪಾಯಸ. ನಾವು ಕೊಡಬೇಕಾದ ಮುಯ್ಯೀನ ನಾನೇ ದುಡಿದು ಒಂದೊಂದಾಗಿ ತೀರಿಸ್ತೀನಿ.”

ಇದರಿಂದ ಎಲ್ಲವೂ ಸುಗಮವಾಯಿತೆಂದು ತಿಳಿಯಬೇಡಿ. ವಿಷಯ ತಿಳಿದು ಎರಡು ಸಂಬಂಧಗಳು ಹಿಂದೆ ಸರಿದವು. ಹುಡುಗಿ ಓದಿ ಕೆಟ್ಟಳೆಂಬ ಮಾತು ಬಾವಿಕಟ್ಟೆಯವರೆಗೂ ಬಂತು. ಅದನ್ನು ಕೇಳಿಸಿಕೊಂಡು ಬರುವವಳು ನಮ್ಮವ್ವ. ಅವಳು ಹದಿನೈದು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ತನಗೆ ತಾನು ಪ್ರಾಮಾಣಿಕವಾಗಿರಬೇಕೆಂದು ವೇದಿಕೆಯ ಮೇಲೆ ಹೇಳುವವರು ಈ ಭಾಗವನ್ನು ಹೇಳುವುದಿಲ್ಲ. ನನ್ನ ನಿರ್ಧಾರದ ಬೆಲೆಯನ್ನು ನಾನೊಬ್ಬಳೇ ತೆತ್ತಿದ್ದರೆ ಅದು ಸುಲಭವಾಗಿತ್ತು. ಅದರಲ್ಲಿ ದೊಡ್ಡ ಪಾಲನ್ನು ಅವ್ವ ತೆರುತ್ತಿದ್ದಾಳೆ. ಅದನ್ನು ಬಲ್ಲೆ, ಬಲ್ಲೆನಾದ್ದರಿಂದಲೇ ನನ್ನ ಮಾತನ್ನು ಮನೆಯಲ್ಲಿ ಗಟ್ಟಿ ದನಿಯಲ್ಲಿ ಆಡುವುದಿಲ್ಲ. ಆದರೆ ಹಿಂದಕ್ಕೆ ತೆಗೆದುಕೊಳ್ಳುವುದೂ ಇಲ್ಲ. ಅವಳು ಇಂದು ಅಳುತ್ತಾಳೆಂದು ನಾನು ಒಪ್ಪಿಕೊಂಡರೆ, ಉಳಿದ ಒಂದು ಎಕರೆಯೂ ಹೋದ ದಿನ ಅವಳು ಮತ್ತೆ ಅಳಬೇಕಾಗುತ್ತದೆ.

ಹೋದ ಸುಗ್ಗಿಯಲ್ಲಿ ಒಂದು ಸಂಜೆ ಅಪ್ಪ ತಾವಾಗಿಯೇ, “ಅದ್ಯಾವುದೋ ಪುಸ್ತಕ ಅಂತಿದ್ದೆಯಲ್ಲ, ಓದು ನೋಡಾನ” ಎಂದರು. ಜಗಲಿಯಲ್ಲಿ ಕೂತು ಮೊದಲಿನಿಂದ ಕೊನೆಯವರೆಗೆ ಓದಿದೆ. ಅವ್ವ ಒಳಗೆ ಪಾತ್ರೆಯ ಸದ್ದು ನಿಲ್ಲಿಸಿದ್ದಳು. ಮುಗಿದಾಗ ಅಪ್ಪ, “ನಮ್ಮ ಮದುವೇಲಿ ಏನಂದ್ರೋ ನಂಗೊಂದೂ ತಿಳೀನಿಲ್ಲ. ಇದು ತಿಳೀತದೆ” ಎಂದರು. ಆಗಲಿ ಎನ್ನಲಿಲ್ಲ, ಬೇಡವೆಂದೂ ಎನ್ನಲಿಲ್ಲ.

ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ನಮ್ಮ ಪರೀಕ್ಷೆಗಳು ಹತ್ತಿರ ಬಂದಿರುತ್ತವೆ. ಅವು ಮುಗಿದ ಮೇಲೆ ನಮ್ಮಲ್ಲಿ ಅನೇಕರ ಮನೆಗಳಲ್ಲಿ ಇದೇ ಮಾತು ಏಳುತ್ತದೆ. ಸಹಪಾಠಿ ಗೆಳತಿಯರೆ, ವಿಶೇಷವಾಗಿ ಗೆಳೆಯರೆ, ಅಂದು ನೀವು ಏನೂ ಆಡದೆ ತಲೆ ತಗ್ಗಿಸಿ ಕೂತರೆ ಅದನ್ನು ಹಿರಿಯರು ವಿನಯವೆಂದು ಹೊಗಳಬಹುದು. ಗಂಡಿನ ಮನೆಯ ಹುಡುಗ ಬಾಯಿ ತೆರೆದು “ನಮಗೆ ಏನೂ ಬೇಡ” ಎಂದು ತಾನೇ ಹೇಳಿದರೆ, ಎಲ್ಲೋ ಒಬ್ಬ ಅಪ್ಪನ ಹೊಲ ಉಳಿಯುತ್ತದೆ.