ಸೀಟಿನ ಹಿಂದಿನ ಜಾಗ

ಅಣ್ಣ ನನ್ನಲ್ಲಿ ಏನನ್ನಾದರೂ ಕೇಳಿದ್ದು ಕಡಿಮೆ. ಅಪ್ಪ ತೀರಿಕೊಂಡಾಗ ಅವನು ಆಗಷ್ಟೇ ಪಿಯುಸಿ ಮುಗಿಸಿದ್ದ, ನಾನು ಏಳನೆಯ ಕ್ಲಾಸಿನಲ್ಲಿದ್ದೆ. ಅಂದಿನಿಂದ ಅವನು ಗಾಡಿ ಓಡಿಸುತ್ತಿದ್ದಾನೆ, ನಾನು ಓದುತ್ತಿದ್ದೇನೆ. ಇಪ್ಪತ್ತೆಂಟಾದರೂ ಓದುತ್ತಲೇ ಇದ್ದೇನೆ. ಕಾಪುವಿನ ನಮ್ಮ ಮನೆಯಿಂದ ನಸುಕಿನಲ್ಲಿ ಹೊರಟು, ಮಲ್ಪೆ ಬಂದರಿನಲ್ಲಿ ಬಂಗುಡೆಯೋ ಬೂತಾಯಿಯೋ ತುಂಬಿಸಿಕೊಂಡು, ಕಟಪಾಡಿ, ಶಿರ್ವ, ಬೆಳ್ಮಣ್ಣು ದಾಟಿ ಬೆಳಕು ಹರಿಯುವುದರೊಳಗೆ ಕಾರ್ಕಳ ಮುಟ್ಟುವುದು ಅವನ ಪಿಕಪ್‌ನ ದಿನಚರಿ.

ಕಳೆದ ವರ್ಷ ತಿಂಗಳುಗಟ್ಟಲೆ ಬಾಕಿಯಿದ್ದ ನನ್ನ ಫೆಲೋಶಿಪ್ ಹಣ ಒಟ್ಟಿಗೆ ಬಂತು. ಅಷ್ಟು ತಿಂಗಳೂ ನನ್ನ ಮೆಸ್ ಬಿಲ್ ಕಟ್ಟಿದವನು ಅವನೇ. "ನಿನಗೆ ಎಂತ ಬೇಕು?" ಎಂದು ಕೇಳಿದೆ. (ಮನೆಯಲ್ಲಿ ನಾವಾಡುವುದು ತುಳು, ಇಲ್ಲಿ ಅದನ್ನು ಕನ್ನಡ ಮಾಡುತ್ತಿದ್ದೇನೆ.) ಬಹಳ ಹೊತ್ತು ಯೋಚಿಸಿ, ಸ್ವಲ್ಪ ನಾಚಿಕೊಂಡು ಹೇಳಿದ: "ಗಾಡಿಗೊಂದು ಬಾಸ್ ಬಾಕ್ಸ್ ಆಗಬಹುದಿತ್ತು. ಬಸ್ಸಿನವರದ್ದು ಇರ್ತದಲ್ಲ, ಹಾಗೆ. ಬೆಳಗಿನ ಜಾವ ನಿದ್ದೆ ಎಳೀತದೆ ಮಾರಾಯ."

ಮಣಿಪಾಲದ ಲ್ಯಾಬಿನಲ್ಲಿ ನನ್ನ ಕೆಲಸ ತೆಳುಪದರಗಳ ಮೇಲೆ. ದಪ್ಪವನ್ನು ನ್ಯಾನೋಮೀಟರಿನಲ್ಲಿ ಅಳೆಯುವವನಿಗೆ ಒಂದು ಮರದ ಪೆಟ್ಟಿಗೆ ಯಾವ ಲೆಕ್ಕ ಎಂದುಕೊಂಡೆ. ಅಂಗಡಿಯಲ್ಲಿ ಸಿದ್ಧ ಪೆಟ್ಟಿಗೆಗಳು ಸಿಗುತ್ತವೆ, ಆದರೆ ಅವೆಲ್ಲ ಕಾರಿನ ಡಿಕ್ಕಿಗೆ ಮಾಡಿದವು. ಪಿಕಪ್‌ನ ಕ್ಯಾಬಿನ್ನಿನಲ್ಲಿ ಇರುವುದು ಸೀಟಿನ ಬೆನ್ನಿಗೂ ಹಿಂದಿನ ತಗಡಿಗೂ ನಡುವಿನ ಸಂದು ಮಾತ್ರ. ಅದರಲ್ಲೂ ಎಡಸೀಟಿನ ಹಿಂದೆ ಜಾಕಿ, ಹಗ್ಗ, ಟಾರ್ಪಾಲು. ಉಳಿದದ್ದು ಅಣ್ಣನ ಸೀಟಿನ ಹಿಂದಿನ ಜಾಗ.

ಪೆಟ್ಟಿಗೆ ಯಾಕೆ ಬೇಕು ಎಂದು ಅವನೇ ಕೇಳಿದ್ದ, ಸ್ಪೀಕರನ್ನು ಹಾಗೇ ಇಟ್ಟರೆ ಆಗದಾ ಎಂದು. ಆಗುವುದಿಲ್ಲ. ಸ್ಪೀಕರಿನ ಕೋನ್ ಮುಂದಕ್ಕೆ ಗಾಳಿಯನ್ನು ತಳ್ಳುವಾಗಲೇ ಹಿಂದುಗಡೆ ಅಷ್ಟನ್ನೇ ಎಳೆಯುತ್ತದೆ. ತಗ್ಗು ಸ್ವರದ ಅಲೆಗಳು ಉದ್ದ: ಸೆಕೆಂಡಿಗೆ 50 ಕಂಪನದ ಸದ್ದಿನ ಒಂದು ಅಲೆ ಸುಮಾರು 7 ಮೀಟರ್. ಅಷ್ಟುದ್ದದ ಅಲೆ ಸ್ಪೀಕರಿನ ಅಂಚನ್ನು ಸುತ್ತಿಬಂದು ಮುಂದಿನದನ್ನು ಹಿಂದಿನದು ನುಂಗಿಬಿಡುತ್ತದೆ. ಬೆನ್ನಿನ ಸದ್ದನ್ನು ಕೂಡಿಹಾಕಲು ಪೆಟ್ಟಿಗೆ. ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ ಸ್ಪ್ರಿಂಗಿನಂತೆಯೂ ಕೆಲಸ ಮಾಡುತ್ತದೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಇದನ್ನೇ ಬಳಸಿಕೊಂಡು ಪುಸ್ತಕದ ಕಪಾಟಿನಲ್ಲಿ ಕೂರುವಂಥ ಸ್ಪೀಕರ್ ಮಾರುಕಟ್ಟೆಗೆ ತಂದದ್ದು. ಇನ್ನೊಂದು ಅನುಕೂಲವೂ ಇತ್ತು. 7 ಮೀಟರಿನ ಅಲೆ ಎರಡು ಮೀಟರೂ ಇಲ್ಲದ ಕ್ಯಾಬಿನ್ನಿನಲ್ಲಿ ಹರಿಯಲು ಜಾಗವೇ ಇಲ್ಲ, ಗಾಳಿಯ ಒತ್ತಡ ಇಡೀ ಕ್ಯಾಬಿನ್ನಿನಲ್ಲಿ ಒಟ್ಟಿಗೆ ಏರಿ ಇಳಿಯುತ್ತದೆ. ಹಾಗಾಗಿ ಇಕ್ಕಟ್ಟಾದಷ್ಟೂ ಬಾಸ್ ಗಟ್ಟಿ. ಇದನ್ನು ಅಣ್ಣನಿಗೆ ಉತ್ಸಾಹದಿಂದ ವಿವರಿಸಿದೆ. "ಆಯ್ತಲ್ಲ" ಅಂದ.

ಸೀಟಿನ ಬೆನ್ನು ವಾಲಿರುವುದರಿಂದ ಪೆಟ್ಟಿಗೆಯೂ ಬೆಣೆಯಾಕಾರ: ಅಗಲ 56 ಸೆಂ.ಮೀ., ಎತ್ತರ 38, ಆಳ ಬುಡದಲ್ಲಿ 22, ತಲೆಯಲ್ಲಿ 12. ಹೊರಗಿನ ಅಳತೆಯಲ್ಲಿ 36 ಲೀಟರ್. ಹತ್ತು ಇಂಚಿನ ಸ್ಪೀಕರಿಗೆ ಧಾರಾಳ ಎಂದು ಖುಷಿಪಟ್ಟೆ. ಕಾರ್ಕಳದ ಆಚಾರ್ರು ಚೀಟಿ ನೋಡಿ, "ಹಲಗೆ ದಪ್ಪ ಕಳೆದಿದ್ದೀರಾ?" ಎಂದರು. 18 ಮಿಲಿಮೀಟರ್ ಹಲಗೆಯನ್ನು ಆರೂ ಕಡೆ ಕಳೆದರೆ ಉಳಿದದ್ದು 24 ಲೀಟರ್, ಮೂರನೆಯ ಒಂದು ಪಾಲು ಮರವೇ ತಿಂದಿತ್ತು. ನಾನು ಬರೆದಿದ್ದ ಎಂಡಿಎಫ್ ಅನ್ನೂ ಅವರು ಹೊಡೆದುಹಾಕಿದರು. ನಮ್ಮ ಮಳೆಗೆ, ಅದರ ಮೇಲೆ ಮೀನಿನ ಮಂಜುಗಡ್ಡೆಯ ನೀರಿಗೆ, ಅದು ನೆನೆದ ರಸ್ಕಿನಂತೆ ಉಬ್ಬುತ್ತದಂತೆ. 710 ಗ್ರೇಡಿನ ಮೆರೈನ್ ಪ್ಲೈವುಡ್ಡೇ ಆಗಬೇಕು. ಕೀಲುಗಳಿಗೆ ಅಂಟು, ಸ್ಕ್ರೂ, ಒಳಗಿನಿಂದ ಸಿಲಿಕಾನ್. ಕೋನನ್ನು ಮೆಲ್ಲ ಒತ್ತಿ, ಸಂದಿನ ಹತ್ತಿರ ಊದುಬತ್ತಿ ಹಿಡಿದು, ಹೊಗೆ ಅಲುಗದಿದ್ದ ಮೇಲೆ ಗಾಡಿಗೇರಿಸಿದೆವು. ನಾಲ್ಕು ಎಲ್ ಕ್ಲಾಂಪ್ ಹಾಕಿ ನೆಲಕ್ಕೆ ಬಿಗಿದೆವು. ಬ್ರೇಕ್ ಹೊಡೆದಾಗ ಅಷ್ಟು ತೂಕ ಬೆನ್ನಿಗೆ ಬಂದು ಬಡಿಯಬಾರದು.

ಸದ್ದು ಚೆನ್ನಾಗಿತ್ತು. ನಿಜಕ್ಕೂ ಚೆನ್ನಾಗಿತ್ತು. ಅಣ್ಣ ಮದ್ದಳೆಯ ಪೆಟ್ಟು ಕೇಳಿ ಸ್ಟೇರಿಂಗ್ ಮೇಲೆ ಬೆರಳಾಡಿಸಿದ. ನಾನು ಮಣಿಪಾಲಕ್ಕೆ ಮರಳಿ, ಲ್ಯಾಬಿನಲ್ಲಿ ಎಲ್ಲರಿಗೂ ಫೋಟೊ ತೋರಿಸಿದೆ.

ಮೂರು ವಾರ ಬಿಟ್ಟು ಮನೆಗೆ ಹೋದಾಗ ಅವನು ಗಾಡಿಯಿಂದ ಇಳಿಯುವುದನ್ನು ನೋಡಿದೆ. ಮೊದಲು ಬಲಗಾಲು, ಆಮೇಲೆ ಬಾಗಿಲು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು, ಎಡಗಾಲು. ಅಮ್ಮ ಮಂಡಿಗೆ ಎಣ್ಣೆ ಕಾಯಿಸುತ್ತಿದ್ದಳು. "ಎಂತ ಆಯ್ತು?" ಎಂದರೆ ಇಬ್ಬರೂ ಮಾತಾಡಲಿಲ್ಲ. ಗಾಡಿ ಹತ್ತಿ ಅವನ ಸೀಟಿನಲ್ಲಿ ಕೂತೆ. ನನಗೆ ಸರಿಯಾಗಿತ್ತು. ಆಗ ತಲೆಗೆ ಹೊಳೆಯಿತು: ಅಳತೆ ತೆಗೆದ ದಿನ ಅಲ್ಲಿ ಕೂತವನು ನಾನು. ಕಾಲು ಕ್ಲಚ್ಚಿಗೆ ಎಟುಕಲಿ ಎಂದು ಸೀಟನ್ನು ಮುಂದಕ್ಕೆ ಎಳೆದುಕೊಂಡಿದ್ದೆ, ಹಿಂದೆ ಉಳಿದದ್ದನ್ನು ಖಾಲಿ ಜಾಗ ಎಂದು ಬರೆದುಕೊಂಡಿದ್ದೆ. ಅಣ್ಣ ನನಗಿಂತ ಗೇಣುದ್ದ ಎತ್ತರ. ಮೂರು ವಾರ, ದಿನಾ ಕಾರ್ಕಳದವರೆಗೆ, ಅವನು ಮಂಡಿಯನ್ನು ಸ್ಟೇರಿಂಗಿಗೆ ತಾಗಿಸಿಕೊಂಡೇ ಕ್ಲಚ್ ತುಳಿದಿದ್ದ.

"ಹೇಳಬಾರದಿತ್ತಾ?"

"ನೀನು ಅಷ್ಟು ಲೆಕ್ಕ ಮಾಡಿ ಮಾಡಿಸಿದ್ದು."

ನನಗೆ ಸಿಟ್ಟು ಬಂತು, ಅವನ ಮೇಲೆ. ಹದಿನಾರು ವರ್ಷದಿಂದ ಇವನು ಹೀಗೇ ಇನ್ನೇನೇನನ್ನು ಹೇಳದೆ ಉಳಿಸಿಕೊಂಡಿದ್ದಾನೋ ಎಂದು. ಸಿಟ್ಟು ಇಳಿದ ಮೇಲೂ ಆ ಪ್ರಶ್ನೆ ಹಾಗೇ ಉಳಿದಿದೆ, ಕೇಳುವ ಧೈರ್ಯವಾಗಿಲ್ಲ.

ಎರಡನೆಯ ಪೆಟ್ಟಿಗೆಗೆ ಕಂಪ್ಯೂಟರ್ ಮುಟ್ಟಲಿಲ್ಲ. ಆಚಾರ್ರು ಮೀನಿನ ಥರ್ಮಾಕೋಲ್ ಡಬ್ಬಗಳ ಮುಚ್ಚಳ ಕತ್ತರಿಸಿ ಅಂಟಿಸಿ, ನಾರುವ ಒಂದು ಮಾದರಿ ಮಾಡಿದರು. ಅಣ್ಣನನ್ನು ಕೂರಿಸಿ, ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿಸಿ, ಎಡಗಡೆ ಸಹಾಯಕ ಹುಡುಗನನ್ನೂ ಕೂರಿಸಿದರು. ಜಾಕಿ, ಹಗ್ಗ ಹಿಂದಿನ ಬಾಡಿಯ ತಗಡಿನ ಡಬ್ಬಕ್ಕೆ ಹೋದವು. ಈಗ ಎಡಸೀಟಿನ ಹಿಂದೆ 13 ಲೀಟರಿನ ಪೆಟ್ಟಿಗೆ, ಎಂಟು ಇಂಚಿನ ಸ್ಪೀಕರ್. ಮೊದಲಿನಷ್ಟು ಗುಡುಗುವುದಿಲ್ಲ. ಹಳೆಯ ಪೆಟ್ಟಿಗೆ ಹಿತ್ತಲಲ್ಲಿದೆ, ಸ್ಪೀಕರ್ ತೆಗೆದ ತೂತಿನಲ್ಲಿ ಅಮ್ಮನ ಹೇಂಟೆ ಮೊಟ್ಟೆಗೆ ಕೂತಿದೆ.

ಮೊನ್ನೆ ಅವನ ಜೊತೆ ಹೋದೆ. ಮಲ್ಪೆಯಲ್ಲಿ ಲೋಡ್ ಮಾಡಿ ಹೊರಟಾಗ ಹೆದ್ದಾರಿಯಲ್ಲಿ ಹಾಡು ಜೋರಾಗಿತ್ತು, ನನ್ನ ಬೆನ್ನಿಗೆ ಸಣ್ಣ ಗುದ್ದು ತಾಗುತ್ತಿತ್ತು. ಕಟಪಾಡಿಯಲ್ಲಿ ಎಡಕ್ಕೆ ತಿರುಗಿ ಊರೊಳಗಿನ ರಸ್ತೆ ಸಿಕ್ಕಿದ ಕೂಡಲೇ ಅಣ್ಣ ಸದ್ದು ಇಳಿಸಿದ.

"ಇರಲಿ, ನಿದ್ದೆ ಬರ್ತದೆ ಅಂದಿದ್ದೆಯಲ್ಲ" ಎಂದೆ.

"ಜನ ಮಲಗಿದ್ದಾರೆ ಮಾರಾಯ. ನೀನು ಮಾತಾಡು."